ಮೊಳೆಯ ಬಲದ ಮೇಲೆ ನಿಂತ ಗೋಡೆ

ಮಗಳ ಬಾಣಂತನಕ್ಕೆಂದೋ ಮೊಮ್ಮಗನ ನಾಮಕರಣಕ್ಕೆಂದೋ ಅಮೆರಿಕಕ್ಕೆ ಹೋಗಿ ಐದಾರು ತಿಂಗಳು ಇದ್ದು ಬಂದವರು ಈಗ ನಮ್ಮ ಸಂಘದ ಸದಸ್ಯರಲ್ಲಿ ಕಡಿಮೆಯಿಲ್ಲ. ಅವರನ್ನು ಅಲ್ಲಿನ ಮನೆಗಳ ವಿಷಯ ಕೇಳಿ ನೋಡಿ. ಮನೆ ದೊಡ್ಡದು, ಹಿತ್ತಲು ದೊಡ್ಡದು ಎಂದೆಲ್ಲ ಹೊಗಳಿದ ಮೇಲೆ ಸ್ವಲ್ಪ ದನಿ ತಗ್ಗಿಸಿ, “ಆದರೆ ಗೋಡೆ ಮಾತ್ರ ರಟ್ಟಿನದು ಕಣ್ರೀ, ಬಡಿದರೆ ಡಬ್ಬದ ಹಾಗೆ ಸದ್ದು ಬರುತ್ತದೆ” ಎನ್ನುತ್ತಾರೆ. ದೇವರ ಪಟ ತೂಗುಹಾಕೋಣವೆಂದು ಮೊಳೆ ಹೊಡೆದರೆ ಮೊಳೆ ಬಿಳಿಯ ಪುಡಿಯೊಡನೆ ಕೈಗೇ ಬರುತ್ತದೆ. ಆಗ ಅಳಿಯಂದಿರು ಬಂದು, ವೈದ್ಯರು ಎದೆ ತಟ್ಟಿ ನೋಡುವ ಹಾಗೆ ಗೋಡೆಯನ್ನು ತಟ್ಟುತ್ತ ಹೋಗಿ, ಸದ್ದು ಗಟ್ಟಿಯಾದ ಕಡೆ ಬೆರಳಿಟ್ಟು, “ಇಲ್ಲಿ ಹೊಡೆಯಿರಿ ಮಾವ” ಎನ್ನುತ್ತಾರೆ. ಅಲ್ಲಿ ಮೊಳೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ 16 ಅಂಗುಲ ಅಳೆದರೆ ಅಂಥದೇ ಇನ್ನೊಂದು ಗಟ್ಟಿ ಜಾಗ ಸಿಗುತ್ತದೆ. ಮತ್ತೆ 16 ಅಂಗುಲಕ್ಕೆ ಮತ್ತೊಂದು.

ಈ 16 ಅಂಗುಲದ ಹಿಂದೆ ಇನ್ನೂರು ವರ್ಷಗಳಿಗೆ ಸಮೀಪದ ಒಂದು ಚರಿತ್ರೆಯಿದೆ. ಅದು ರಾಜರ ಚರಿತ್ರೆಯಲ್ಲ. ಬಡಗಿಗಳದು, ಮೊಳೆಯದು, ಊರು ಬಿಟ್ಟು ಊರಿಗೆ ಬಂದು ಗೂಡು ಕಟ್ಟಿಕೊಂಡವರದು. ಆದ್ದರಿಂದ ನಮ್ಮಂಥವರು ಓದಲು ತಕ್ಕುದೆಂದು ನಮಗೆ ತೋರಿತು.

ನಮ್ಮ ಕಡೆ ಗೋಡೆಯೆಂದರೆ ಭಾರ ಹೊರುವ ವಸ್ತು. ಬಯಲುಸೀಮೆಯ ಮಣ್ಣಿನ ಗೋಡೆಯಾಗಲಿ, ಕರಾವಳಿಯ ಮುರಕಲ್ಲಿನ ಗೋಡೆಯಾಗಲಿ, ತಾನೇ ನಿಂತು ಮಾಡನ್ನೂ ಹೊರುತ್ತದೆ. ತೊಟ್ಟಿಮನೆಯಲ್ಲಿ ಕಂಬ ತೊಲೆಗಳು ಇದ್ದರೂ ಸುತ್ತಿನ ಗೋಡೆ ಗೋಡೆಯೇ. ಮುಂಬಯಿಯ ಹಳೆಯ ಚಾಳುಗಳಲ್ಲಿ ವಾಸ ಮಾಡಿದವರು ಮಾತ್ರ ಇನ್ನೊಂದು ಬಗೆಯನ್ನು ಕಂಡಿದ್ದಾರೆ: ಭಾರವನ್ನು ಮರದ ಕಂಬ ತೊಲೆಗಳು ಹೊರುತ್ತವೆ, ನಡುವಿನ ಇಟ್ಟಿಗೆ ಬರಿಯ ಮರೆ. ಯೂರೋಪಿನಲ್ಲಿ ಹಲವು ಶತಮಾನಗಳ ಕಾಲ ಮನೆಗಳು ಈ ಎರಡನೆಯ ಬಗೆಯಲ್ಲಿ ನಿಂತವು, ಅಲ್ಲಿಂದ ಅಮೆರಿಕಕ್ಕೆ ಹೋದವರೂ ಅದನ್ನೇ ಜೊತೆಯಲ್ಲಿ ಒಯ್ದರು.

ಆ ಹಳೆಯ ಚೌಕಟ್ಟು ಬಡಗಿಯ ವಿದ್ಯೆಗೆಲ್ಲ ಶಿಖರವಾಗಿತ್ತು. ಒಂದೊಂದು ಕಂಬ ಎಂಟು ಅಂಗುಲ ದಪ್ಪ, ತೊಲೆಗಳು ಅದಕ್ಕಿಂತ ದಪ್ಪ. ಒಂದು ಮರದ ತುದಿಯಲ್ಲಿ ನಾಲಗೆ ಬಿಡಬೇಕು, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತೂತು ಕೊರೆಯಬೇಕು, ನಾಲಗೆ ಒಳಗೆ ಕೂತ ಮೇಲೆ ಅಡ್ಡಲಾಗಿ ಬೈರಿಗೆಯಿಂದ ಕೊರೆದು ಮರದ ಗೂಟ ಬಡಿಯಬೇಕು. ಕಬ್ಬಿಣ ಬಹುಮಟ್ಟಿಗೆ ಬೇಕಿಲ್ಲ. ಆದರೆ ನಾಲಗೆ ಕಾಲಂಗುಲ ತಪ್ಪಿದರೆ ಇಡೀ ತೊಲೆ ಹಾಳು. ಇಂಥ ಕೀಲುಗಳನ್ನು ಗುರುತು ಹಾಕಿ ಕೊಯ್ಯಲು ಕಲಿಯಬೇಕಾದರೆ ಹುಡುಗನೊಬ್ಬ ಗುರುವಿನ ಬಳಿ ಹಲವು ವರ್ಷ ಇರಬೇಕಾಗುತ್ತಿತ್ತು. ಕೊಯ್ದದ್ದಾದ ಮೇಲೆ ಗೋಡೆಯ ಒಂದು ಮಗ್ಗುಲನ್ನು ಎತ್ತಿ ನಿಲ್ಲಿಸಲು ಊರಿಗೆ ಊರೇ ಬರಬೇಕು. ಅಂದು ಊಟ ಪಾನೀಯಗಳ ಹಬ್ಬ. ನಮ್ಮಲ್ಲಿ ತೇರು ಎಳೆಯಲು ಎಲ್ಲರೂ ಕೈ ಹಾಕುವಂತೆಯೇ.

ಹಾಗಾದರೆ ಮೊಳೆಯನ್ನೇ ಹೊಡೆಯಬಹುದಾಗಿತ್ತಲ್ಲ ಎಂದು ಕೇಳಬಹುದು. ಮೊಳೆ ಎಲ್ಲಿತ್ತು? ಕಮ್ಮಾರ ಒಂದೊಂದನ್ನೂ ಕುಲುಮೆಯಲ್ಲಿ ಕಾಸಿ, ಬಡಿದು, ತುದಿ ಚೂಪು ಮಾಡಿ, ತಲೆ ತಟ್ಟಬೇಕು. ಹದಿನೇಳನೆಯ ಶತಮಾನದಲ್ಲಿ ವರ್ಜೀನಿಯದ ಜನ ಮನೆ ಬಿಟ್ಟು ಬೇರೆಡೆಗೆ ಹೋಗುವಾಗ ಹಳೆಯ ಮನೆಗೆ ಬೆಂಕಿಯಿಟ್ಟು ಬೂದಿಯಲ್ಲಿ ಮೊಳೆ ಆರಿಸಿಕೊಳ್ಳುತ್ತಿದ್ದರು. 1645ರ ಸುಮಾರಿಗೆ ಅದನ್ನು ತಡೆಯಲು ಕಾನೂನನ್ನೇ ಮಾಡಬೇಕಾಯಿತು. ಮುಂದೆ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ 1794ರಲ್ಲಿ ತನ್ನ ಮಾಂಟಿಚೆಲ್ಲೊ ಎಸ್ಟೇಟಿನಲ್ಲಿ ಮೊಳೆಯ ಕಾರ್ಖಾನೆ ತೆರೆದ. ಅಲ್ಲಿ ದಿನವಿಡೀ ಸುತ್ತಿಗೆ ಬಡಿಯುತ್ತಿದ್ದವರು ಹತ್ತರಿಂದ ಹದಿನಾರು ವರ್ಷದ ಗುಲಾಮ ಬಾಲಕರು. ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರೆಂದು ಬರೆದ ಕೈಯೇ ಈ ಹುಡುಗರು ಎಷ್ಟು ಕಬ್ಬಿಣದಿಂದ ಎಷ್ಟು ಮೊಳೆ ಮಾಡಿದರೆಂಬ ಲೆಕ್ಕವನ್ನೂ ಬರೆದಿಡುತ್ತಿತ್ತು.

ಅದೇ ಕಾಲಕ್ಕೆ ಯಂತ್ರ ಬಂತು. 1795ರಲ್ಲಿ ಜೇಕಬ್ ಪರ್ಕಿನ್ಸ್ ಎಂಬಾತ ಕಬ್ಬಿಣದ ತಗಡಿನಿಂದ ಮೊಳೆ ಕತ್ತರಿಸುವ ಯಂತ್ರಕ್ಕೆ ಪೇಟೆಂಟು ಪಡೆದ. ಬೇರೆಯವರೂ ಅಂಥ ಯಂತ್ರಗಳನ್ನು ಮಾಡಿದರು. ಮೊಳೆಯ ಬೆಲೆ ಇಳಿಯುತ್ತ ಹೋಗಿ, 1828ರಲ್ಲಿ ಪೌಂಡಿಗೆ 8 ಸೆಂಟ್ ಇದ್ದದ್ದು 1842ರ ಹೊತ್ತಿಗೆ 3 ಸೆಂಟಿಗೆ ಬಂತು. ಹೊಳೆಯ ನೀರಿನಿಂದ, ಆಮೇಲೆ ಉಗಿಯಿಂದ ನಡೆಯುವ ಗರಗಸದ ಗಿರಣಿಗಳು ದಪ್ಪ ದಿಮ್ಮಿಯನ್ನು ಒಂದೇ ಅಳತೆಯ ತೆಳು ಪಟ್ಟಿಗಳಾಗಿ ಸೀಳಿ ಕೊಡತೊಡಗಿದವು. ಮೊಳೆ ಅಗ್ಗ, ಪಟ್ಟಿ ಅಗ್ಗ. ಇನ್ನು ಬೇಕಾದದ್ದು ಅವಸರದ ಒಂದು ಊರು.

ಆ ಊರು ಶಿಕಾಗೊ. 1833ರಲ್ಲಿ ಅದು ಮಿಶಿಗನ್ ಸರೋವರದ ದಡದ ಕೆಸರಿನಲ್ಲಿ ಕೆಲವು ನೂರು ಜನರ ಬಿಡಾರ. ಅದೇ ವರ್ಷ ಪೊಟವಾಟಮಿ ಮೊದಲಾದ ಆ ನೆಲದ ಮೂಲನಿವಾಸಿಗಳಿಂದ ಒಪ್ಪಂದದ ಹೆಸರಿನಲ್ಲಿ ಭೂಮಿ ಪಡೆದು ಅವರನ್ನು ಪಶ್ಚಿಮಕ್ಕೆ ಸಾಗಹಾಕಿದರು. ಕಾಲುವೆ ಬರುತ್ತದೆಂಬ ಸುದ್ದಿಗೆ ಜನ ನುಗ್ಗಿದರು. 1837ಕ್ಕೆ ನಾಲ್ಕು ಸಾವಿರ, 1850ಕ್ಕೆ ಸುಮಾರು 30 ಸಾವಿರ, 1870ಕ್ಕೆ ಸುಮಾರು 3 ಲಕ್ಷ. ಇಷ್ಟು ಜನಕ್ಕೆ ಕೀಲು ಕೊಯ್ದು ಮನೆ ಕಟ್ಟಿಕೊಡುವಷ್ಟು ಬಡಗಿಗಳನ್ನು ಎಲ್ಲಿಂದ ತರುವುದು?

ಆ ಅಭಾವದಲ್ಲಿ ಹುಟ್ಟಿದ್ದೇ ಈ ಹೊಸ ಗೋಡೆ. ಅದನ್ನು ಕಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ತಳಪಾಯದ ಮೇಲೆ ಉದ್ದಕ್ಕೆ ಒಂದು ಮರ ಮಲಗಿಸುತ್ತಾರೆ. ಅದನ್ನು ಅಡಿಪಟ್ಟಿ ಎನ್ನೋಣ. ಅದರ ಮೇಲೆ ಎರಡಂಗುಲ ದಪ್ಪ ನಾಲ್ಕಂಗುಲ ಅಗಲದ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಇವನ್ನು ಅವರು ‘ಸ್ಟಡ್’ ಎನ್ನುತ್ತಾರೆ. ನಾವು ನಿಲುಪಟ್ಟಿ ಎಂದು ಕರೆಯಬಹುದು. ಇವುಗಳ ತಲೆಯ ಮೇಲೆ ಇನ್ನೊಂದು ಮಲಗುವ ಮರ, ತಲೆಪಟ್ಟಿ. ಎಲ್ಲವನ್ನೂ ಸೇರಿಸುವುದು ಮೊಳೆ, ಬರಿಯ ಮೊಳೆ. ನಾಲಗೆಯಿಲ್ಲ, ತೂತಿಲ್ಲ, ಗೂಟವಿಲ್ಲ. ಹಳೆಯ ಚೌಕಟ್ಟಿನಲ್ಲಿ ನಾಲ್ಕು ಮೂಲೆಯ ಕಂಬಗಳು ಹೊರುತ್ತಿದ್ದ ಭಾರವನ್ನು ಇಲ್ಲಿ ಹತ್ತಾರು ಸಣಕಲು ಪಟ್ಟಿಗಳು ಹಂಚಿಕೊಂಡು ಹೊರುತ್ತವೆ.

ಬಾಗಿಲು ಕಿಟಕಿ ಬರುವಲ್ಲಿ ಒಂದೆರಡು ನಿಲುಪಟ್ಟಿ ಬಿಡಬೇಕಲ್ಲ? ಆಗ ಅವು ಹೊರಬೇಕಾಗಿದ್ದ ಭಾರ ಎಲ್ಲಿಗೆ ಹೋಗಬೇಕು? ನೆತ್ತಿಯ ಮೇಲೆ ದಪ್ಪನೆಯ ಅಡ್ಡಮರ ಇಟ್ಟು, ನಮ್ಮ ಲಿಂಟಲಿನಂತೆಯೇ, ಅದರ ಎರಡು ತುದಿಗಳ ಕೆಳಗೆ ಒಂದೊಂದು ಹೆಚ್ಚಿನ ಪಟ್ಟಿಯನ್ನು ಊರುಗೋಲಾಗಿ ಕೊಡುತ್ತಾರೆ. ಬಾಗಿಲ ಪಕ್ಕದಲ್ಲಿ ಜೋಡಿ ಪಟ್ಟಿಗಳು ಕಾಣುವುದು ಇದರಿಂದಲೇ.

ಇಷ್ಟಾದರೂ ಗೋಡೆ ಗೋಡೆಯಾಗುವುದಿಲ್ಲ. ಮನೆಯಲ್ಲಿ ಹಳೆಯ ಬೆಂಚು ಇದ್ದವರಿಗೆ ಗೊತ್ತು: ಕಾಲುಗಳು ಗಟ್ಟಿಯಿದ್ದರೂ ಕೂತಾಗ ಅದು ಒಂದು ಪಕ್ಕಕ್ಕೆ ವಾಲುತ್ತದೆ. ನಾಲ್ಕು ಪಟ್ಟಿಗಳ ಚೌಕವನ್ನು ಎಷ್ಟು ಮೊಳೆ ಹೊಡೆದು ಕೂಡಿಸಿದರೂ ಪಕ್ಕದಿಂದ ನೂಕಿದರೆ ಅದು ಓರೆಯಾಗುತ್ತದೆ. ಬೆಂಚಿಗೆ ನಾವು ಮಾಡುವ ಔಷಧವೇ ಗೋಡೆಗೂ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಒಂದು ಪಟ್ಟಿ ಹೊಡೆದರೆ ಚೌಕ ಎರಡು ತ್ರಿಕೋನವಾಗುತ್ತದೆ. ತ್ರಿಕೋನ ತನ್ನ ಆಕಾರ ಬಿಡುವುದಿಲ್ಲ. ಓರೆಪಟ್ಟಿಯ ಬದಲು ಹೊರಮೈಗೆ ಉದ್ದಕ್ಕೂ ಹಲಗೆಗಳನ್ನು ಓರೆಯಾಗಿ ಹೊಡೆದರೂ ಆಗುತ್ತದೆ. ಈಗ ಅದಕ್ಕೆ ಬದಲು ಪ್ಲೈವುಡ್ಡಿನಂಥ ಅಗಲ ಹಾಳೆ ಹೊಡೆಯುತ್ತಾರೆ. ಗಾಳಿಗೆ ಮನೆ ನಿಲ್ಲುವುದು ಈ ಹೊರಮೈಯ ಬಲದಿಂದ. ನಾವು ರಟ್ಟೆಂದು ನಕ್ಕದ್ದು ಒಳಮೈಯನ್ನು.

ಇದನ್ನು ಮೊದಲು ಕಟ್ಟಿದವರಾರು ಎಂಬ ವಿಷಯದಲ್ಲಿ ಜಗಳವಿದೆ. ಜಾರ್ಜ್ ವಾಷಿಂಗ್ಟನ್ ಸ್ನೋ ಎಂಬಾತ 1832ರಲ್ಲಿ ಕಟ್ಟಿದ ಉಗ್ರಾಣವೇ ಮೊದಲನೆಯದೆಂದು ಕೆಲವರು. ಅಗಸ್ಟೀನ್ ಟೇಲರ್ ಎಂಬ ಬಡಗಿ 1833ರಲ್ಲಿ ಕಟ್ಟಿದ ಸೇಂಟ್ ಮೇರಿ ಚರ್ಚು ಮೊದಲನೆಯದೆಂದು ಮತ್ತೆ ಕೆಲವರು. ಚರ್ಚಿಗೆ ಆದ ಖರ್ಚು ಸುಮಾರು 400 ಡಾಲರ್. ಒಬ್ಬನೇ ಕುಳಿತು ಕಂಡುಹಿಡಿದನೆಂಬುದನ್ನು ಈಚಿನ ಸಂಶೋಧಕರು ಒಪ್ಪುವುದಿಲ್ಲ. ಅಲ್ಲಲ್ಲಿ ಬಡಗಿಗಳು ಮರ ಉಳಿಸಿ, ಕೀಲು ಬಿಟ್ಟು, ಮೊಳೆ ಹೆಚ್ಚಿಸುತ್ತ ಬಂದದ್ದರ ಫಲವಿದು ಎನ್ನುತ್ತಾರೆ. ನಮಗೂ ಹಾಗೆಯೇ ತೋರುತ್ತದೆ. ಇಡ್ಲಿಯನ್ನು ಮೊದಲು ಬೇಯಿಸಿದವರಾರೆಂದು ಕೇಳಿದ ಹಾಗೆ ಇದು. ಹಳೆಯ ಬಡಗಿಗಳು ಇದನ್ನು ‘ಬಲೂನ್’ ಚೌಕಟ್ಟು ಎಂದು ಹಾಸ್ಯ ಮಾಡಿದರು, ಗಾಳಿ ಬಂದರೆ ಹಾರಿಹೋಗುತ್ತದೆಂದು, ಎಂಬ ಪ್ರತೀತಿಯಿದೆ. ಹಾರಿಹೋಗಲಿಲ್ಲ, ಹೆಸರು ಉಳಿಯಿತು.

ಗಾಳಿಯನ್ನು ಗೆದ್ದ ಗೋಡೆ ಬೆಂಕಿಗೆ ಸೋತಿತು. ದಪ್ಪ ತೊಲೆಗೆ ಬೆಂಕಿ ಬಿದ್ದರೆ ಹೊರಮೈ ಇದ್ದಿಲಾಗಿ ಒಳಗಿನ ಮರವನ್ನು ಎಷ್ಟೋ ಹೊತ್ತು ಕಾಯುತ್ತದೆ; ತೆಳು ಪಟ್ಟಿಗಳೋ, ಒಲೆಗೆ ಇಡುವ ಚಕ್ಕೆಯಿದ್ದ ಹಾಗೆ. ಅದರ ಮೇಲೆ ಇನ್ನೊಂದು ದೋಷ. ಬಲೂನ್ ಚೌಕಟ್ಟಿನಲ್ಲಿ ನಿಲುಪಟ್ಟಿಗಳು ತಳಪಾಯದಿಂದ ಎರಡನೆಯ ಅಂತಸ್ತಿನ ಮಾಡಿನವರೆಗೆ ಒಂದೇ ಉದ್ದ. ಎರಡು ಪಟ್ಟಿಗಳ ನಡುವಿನ ಟೊಳ್ಳು ನೆಲದಿಂದ ಅಟ್ಟದವರೆಗೆ ತೆರೆದ ಚಿಮಣಿ. ಕೆಳಗಿನ ಕೋಣೆಯಲ್ಲಿ ಹತ್ತಿದ ಕಿಡಿ ಯಾರ ಕಣ್ಣಿಗೂ ಬೀಳದೆ ಗೋಡೆಯೊಳಗೇ ಏರಿ ಮಾಡನ್ನು ಹಿಡಿಯುತ್ತದೆ.

1871ರ ಬೇಸಿಗೆಯಲ್ಲಿ ಶಿಕಾಗೊದಲ್ಲಿ ಮಳೆಯಿರಲಿಲ್ಲ. ಊರಿನ ಮನೆಗಳಲ್ಲಿ ಹೆಚ್ಚಿನವು ಮರದವು, ಕಾಲುದಾರಿಗಳು ಮರದವು, ಬೀದಿಗಳಿಗೆ ಹಾಸಿದ್ದೂ ಅನೇಕ ಕಡೆ ಮರದ ತುಂಡುಗಳೇ. ಅಕ್ಟೋಬರ್ 8ರ ಭಾನುವಾರ ರಾತ್ರಿ ಡಿಕೊವೆನ್ ಬೀದಿಯ ಒಂದು ಕೊಟ್ಟಿಗೆಯಲ್ಲಿ ಎದ್ದ ಬೆಂಕಿ 10ನೆಯ ತಾರೀಖಿನವರೆಗೆ ಉರಿಯಿತು. ಸುಮಾರು 17 ಸಾವಿರ ಕಟ್ಟಡಗಳು ಹೋದವು, ಸುಮಾರು 300 ಜನ ಸತ್ತರು, ಲಕ್ಷದಷ್ಟು ಜನ ಬೀದಿಪಾಲಾದರು. ಕೊಟ್ಟಿಗೆಯ ಒಡತಿ ಕ್ಯಾಥರೀನ್ ಓಲಿಯರಿ ಐರ್ಲೆಂಡಿನಿಂದ ಬಂದ ಬಡ ಹೆಂಗಸು. ಅವಳ ಹಸು ಲಾಂದ್ರವನ್ನು ಒದ್ದು ಬೆಂಕಿ ಹತ್ತಿತೆಂದು ಪತ್ರಿಕೆಗಳು ಸಾರಿದವು. ಆ ಕಥೆ ಕಟ್ಟಿದ್ದೆಂದು ಒಬ್ಬ ವರದಿಗಾರ 1893ರಲ್ಲಿ ಒಪ್ಪಿಕೊಂಡ. ಆದರೂ ಶಿಕಾಗೊದ ನಗರಸಭೆ ಅವಳನ್ನು ನಿರ್ದೋಷಿಯೆಂದು ಸಾರಿದ್ದು 1997ರಲ್ಲಿ. ಪರಊರಿನಿಂದ ಬಂದವರ ಮೇಲೆ ಅಪವಾದ ಹೊರಿಸುವುದು ಎಷ್ಟು ಸುಲಭ, ಇಳಿಸುವುದು ಎಷ್ಟು ನಿಧಾನ ನೋಡಿ. ಈಗ ಆ ಜಾಗದಲ್ಲಿ ಅಗ್ನಿಶಾಮಕ ದಳದ ತರಬೇತಿ ಶಾಲೆಯಿದೆ.

ಅದೇ ರಾತ್ರಿ, ಉತ್ತರಕ್ಕೆ ವಿಸ್ಕಾನ್ಸಿನ್ ಪ್ರಾಂತದಲ್ಲಿ, ಪೆಶ್ಟಿಗೊ ಎಂಬ ಮರ ಸೀಳುವ ಊರು ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. ಊರಿನಲ್ಲೂ ಸುತ್ತಿನ ಕಾಡಿನಲ್ಲೂ ಸತ್ತವರು ಸಾವಿರಕ್ಕೂ ಮೇಲ್ಪಟ್ಟು. ಶಿಕಾಗೊಕ್ಕಿಂತ ಹಲವು ಪಾಲು. ಆದರೆ ಲೋಕಕ್ಕೆ ಗೊತ್ತಿರುವುದು ಶಿಕಾಗೊ. ಶಿಕಾಗೊ ಕಟ್ಟಲು ಬೇಕಾದ ಬಿಳಿ ಪೈನ್ ಮರವನ್ನು ಕಡಿದು ಸರೋವರದ ಮೇಲೆ ಕಳುಹಿಸುತ್ತಿದ್ದುದು ಈ ವಿಸ್ಕಾನ್ಸಿನ್ ಮತ್ತು ಮಿಶಿಗನ್ ಕಾಡುಗಳೇ. ಕಡಿದ ಮೇಲೆ ಅಲ್ಲೇ ಬಿಟ್ಟ ಕೊಂಬೆ ರೆಂಬೆಗಳು ಒಣಗಿ ಕಿಚ್ಚಿಗೆ ಮೇವಾದವು. 1900ರ ಹೊತ್ತಿಗೆ ಆ ಪೈನ್ ಕಾಡುಗಳು ಬಹುಮಟ್ಟಿಗೆ ಮುಗಿದಿದ್ದವು.

ಬೆಂಕಿಯ ನಂತರ ನಡೆದದ್ದು ನಮ್ಮ ಮನಸ್ಸಿನಲ್ಲಿ ಹೆಚ್ಚು ನಿಂತಿದೆ. ಮನೆ ಕಳೆದುಕೊಂಡವರಿಗೆ ಪರಿಹಾರ ಸಂಘದವರು ಚಳಿಗಾಲದೊಳಗೆ ಸಾವಿರಾರು ಪುಟ್ಟ ಮನೆಗಳನ್ನು ಒದಗಿಸಿದರು; ಅವೂ ಮರದವೇ. ಬೇರೆ ಯಾವುದು ಅಷ್ಟು ಬೇಗ ಏಳುತ್ತದೆ? ಇತ್ತ ಊರಿನ ದೊಡ್ಡವರು, ಇನ್ನು ಮೇಲೆ ನಗರದೊಳಗೆ ಇಟ್ಟಿಗೆ ಕಲ್ಲಿನ ಮನೆಯಲ್ಲದೆ ಮರದ ಮನೆ ಕೂಡದೆಂದು ಕಾನೂನು ತರಹೊರಟರು. 1872ರ ಜನವರಿಯಲ್ಲಿ ಉತ್ತರ ಭಾಗದ ಕೂಲಿಕಾರರು, ಹೆಚ್ಚಾಗಿ ಜರ್ಮನಿಯಿಂದ ವಲಸೆ ಬಂದವರು, ನಗರಸಭೆಗೆ ಮೆರವಣಿಗೆ ಹೋದರು. ಅವರ ವಾದ ಸರಳ: ಜಾಗ ನಮ್ಮದು, ಮನೆ ಸುಟ್ಟಿದೆ, ಇಟ್ಟಿಗೆಗೆ ನಮ್ಮ ಬಳಿ ಹಣವಿಲ್ಲ, ಮರ ಬೇಡವೆಂದರೆ ಜಾಗ ಮಾರಿ ಬಾಡಿಗೆ ಕೋಣೆಗೆ ಹೋಗಬೇಕು. ನಗರಸಭೆ ಮಣಿದು ಅನೇಕ ಪ್ರದೇಶಗಳಲ್ಲಿ ಮರಕ್ಕೆ ಅವಕಾಶ ಕೊಟ್ಟಿತು. 1874ರ ಜುಲೈಯಲ್ಲಿ ಮತ್ತೆ ಬೆಂಕಿ ಬಿದ್ದು 800ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಆಗ ವಿಮಾ ಕಂಪೆನಿಗಳು ಬೆದರಿಸಿದ್ದರಿಂದ ಕಾನೂನು ಬಿಗಿಯಾಯಿತು. ಯಾರದು ಸರಿ? ಕ್ಷೇಮದ ಹೆಸರಿನಲ್ಲಿ ಬಡವನ ಸೂರು ಕಸಿಯುವುದೂ, ಸೂರಿನ ಹೆಸರಿನಲ್ಲಿ ಅವನನ್ನು ಬೆಂಕಿಯ ಬಾಯಲ್ಲಿಡುವುದೂ ಎರಡೂ ತಪ್ಪೇ. ಹಳೆಯ ಚಾಳುಗಳನ್ನು ಖಾಲಿ ಮಾಡಿಸುವಾಗ ಈ ಮಾತುಗಳನ್ನೇ ಬೇರೆ ಭಾಷೆಯಲ್ಲಿ ನಾವೂ ಕೇಳಿದ್ದೇವೆ.

ಇನ್ನು ಬಡಗಿಯ ಪಾಡು. ಕೀಲು ಕೊಯ್ಯುವ ವಿದ್ಯೆ ಬೇಡವಾದ ಮೇಲೆ ಗರಗಸ, ಸುತ್ತಿಗೆ ಹಿಡಿಯಬಲ್ಲವನೆಲ್ಲ ಬಡಗಿಯಾದ. ರೈತ ತನ್ನ ಮನೆಯನ್ನು ತಾನೇ ಕಟ್ಟಿಕೊಂಡ; ಇದು ದೊಡ್ಡ ಲಾಭ, ಸಂಶಯವಿಲ್ಲ. ಆದರೆ ಪಟ್ಟಣದಲ್ಲಿ ಗುತ್ತಿಗೆದಾರರು ಕೆಲಸವನ್ನು ತುಂಡು ತುಂಡು ಮಾಡಿದರು. ಒಬ್ಬ ಬಾಗಿಲು ಮಾತ್ರ ಕೂಡಿಸುವವನು, ಒಬ್ಬ ನೆಲ ಮಾತ್ರ ಹಾಸುವವನು. ಕೂಲಿ ತುಂಡಿನ ಲೆಕ್ಕ. ಹುಡುಗನಿಗೆ ಇಡೀ ಕಸುಬು ಕಲಿಸುವ ಗರಜು ಯಾರಿಗೂ ಉಳಿಯಲಿಲ್ಲ. ಈ ಅಸಮಾಧಾನದಿಂದಲೇ 1881ರ ಆಗಸ್ಟಿನಲ್ಲಿ, ಅದೂ ಶಿಕಾಗೊದಲ್ಲೇ, ಪೀಟರ್ ಮೆಕ್‌ಗ್ವೈರ್ ಮೊದಲಾದವರು ಬಡಗಿಗಳ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಎಂಟು ಗಂಟೆಯ ದಿನಕ್ಕಾಗಿ ನಡೆದ ಹೋರಾಟದಲ್ಲಿ ಆ ಸಂಘ ಮುಂದಿತ್ತು. ಕಸುಬು ಕಲಿಯುವ ಹುಡುಗರಿಗೆ ಇಷ್ಟು ವರ್ಷ, ಇಷ್ಟು ಸಂಬಳ, ಇಷ್ಟು ಪಾಠ ಎಂಬ ರಾಷ್ಟ್ರೀಯ ಕಾನೂನು ಬರಲು ಮಾತ್ರ 1937ರವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಗೋಡೆಯೂ ಬದಲಾಯಿತು. ಉದ್ದ ಮರ ಸಿಗುವುದು ಕಷ್ಟವಾಯಿತು, ಬೆಂಕಿಯ ಭಯ ಹೋಗಲಿಲ್ಲ. ಆದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ನಿಲುಪಟ್ಟಿಯನ್ನು ಒಂದು ಅಂತಸ್ತಿಗೆ ಮೊಟಕು ಮಾಡಿದರು. ಮೊದಲು ನೆಲದ ಹಲಗೆ ಹಾಸುವುದು, ಆ ಜಗಲಿಯ ಮೇಲೆ ಗೋಡೆಯನ್ನು ಮಲಗಿಸಿಕೊಂಡೇ ಜೋಡಿಸುವುದು, ನಾಲ್ಕು ಜನ ಎತ್ತಿ ನಿಲ್ಲಿಸುವುದು, ಅದರ ಮೇಲೆ ಎರಡನೆಯ ಜಗಲಿ ಹಾಸಿ ಮತ್ತೆ ಗೋಡೆ. ಪ್ರತಿ ಅಂತಸ್ತಿನಲ್ಲೂ ಅಡಿಪಟ್ಟಿ ತಲೆಪಟ್ಟಿಗಳು ಟೊಳ್ಳನ್ನು ಮುಚ್ಚುವುದರಿಂದ ಬೆಂಕಿಯ ಏಣಿ ಮುರಿಯುತ್ತದೆ. ಎರಡನೆಯ ಮಹಾಯುದ್ಧದ ನಂತರ, 1947ರಿಂದ 1951ರವರೆಗೆ, ನ್ಯೂಯಾರ್ಕಿನ ಬಳಿ ಲೆವಿಟ್‌ಟೌನ್ ಎಂಬಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳು ಹೀಗೆ ಮರದ ಪಟ್ಟಿಗಳ ಗೋಡೆಯಿಂದಲೇ ಎದ್ದವು. ಕೆಲಸ ಮತ್ತೆ ತುಂಡು ತುಂಡು. ಬಡಗಿಗಳ ಸಂಘಕ್ಕೆ ಅಲ್ಲಿ ಪ್ರವೇಶವಿಲ್ಲ. ಕರಿಯರಿಗೂ ಪ್ರವೇಶವಿಲ್ಲ, ಮನೆಯ ಕರಾರಿನಲ್ಲೇ ಹಾಗೆಂದು ಬರೆದಿತ್ತು.

ಈ ಕಸುಬಿನಲ್ಲಿ ಹೆಸರಿಗೂ ವಸ್ತುವಿಗೂ ತಾಳೆ ಕಡಿಮೆ. ‘ಎರಡು-ನಾಲ್ಕು’ ಎಂದು ಕೊಂಡ ಪಟ್ಟಿಯನ್ನು ಅಳೆದರೆ ಒಂದೂವರೆ ಅಂಗುಲ ದಪ್ಪ, ಮೂರೂವರೆ ಅಂಗುಲ ಅಗಲ. ಒಣಗಿಸಿ ಕೀಸುಳಿ ಹಾಕಿದಾಗ ಹೋದದ್ದಲ್ಲದೆ ವ್ಯಾಪಾರಿಗಳು ಕಾಲಕಾಲಕ್ಕೆ ಸವೆಸುತ್ತ ಬಂದದ್ದೂ ಸೇರಿದೆ. 1970ರಲ್ಲಿ ಈ ಅಳತೆಯೇ ಅಧಿಕೃತವಾಯಿತು. ಮೊಳೆಯ ಅಳತೆಗೆ ಇನ್ನೂ ‘ಪೆನ್ನಿ’ ಎನ್ನುತ್ತಾರೆ. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ನೂರು ಮೊಳೆಗೆ ಇಷ್ಟು ಪೆನ್ನಿ ಎಂದಿದ್ದ ಬೆಲೆಯೇ ಹೆಸರಾಗಿ ಉಳಿದಿದೆ.

ಹಾಗಾದರೆ 16 ಅಂಗುಲ? ಒಳಗೋಡೆಗೆ ಗಾರೆ ಹಿಡಿಯಲು ಮೊದಲು ತೆಳ್ಳನೆಯ ರೀಪುಗಳನ್ನು ಹೊಡೆಯುತ್ತಿದ್ದರು. ಅವುಗಳ ಉದ್ದ ನಾಲ್ಕು ಅಡಿ, ಅಂದರೆ 48 ಅಂಗುಲ. ಅದನ್ನು ಮೂರು ಪಾಲು ಮಾಡಿದರೆ 16. ರೀಪು ಹೋಗಿ ಜಿಪ್ಸಮ್ ಹಾಳೆ ಬಂತು, ಅದೇ ನಮ್ಮ ಹಿರಿಯರ ‘ರಟ್ಟು’. ಅದರ ಅಗಲವೂ ನಾಲ್ಕು ಅಡಿಯೇ.

ಈಗಲೂ ಅಲ್ಲಿ ಬಡಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು ಸುತ್ತಿಗೆಯದಲ್ಲ, ಪೆನ್ಸಿಲಿನದು. ಅಡಿಪಟ್ಟಿ ತಲೆಪಟ್ಟಿಗಳನ್ನು ಜೊತೆಯಾಗಿ ಮಲಗಿಸಿ ಎರಡಕ್ಕೂ ಒಟ್ಟಿಗೇ ಗುರುತು ಹಾಕಬೇಕು, ಆಗ ಮೇಲೂ ಕೆಳಗೂ ತಾಳೆಯಾಗುತ್ತದೆ. ಮೂಲೆಯಿಂದ ಮೊದಲ ಗುರುತನ್ನು 16ಕ್ಕೆ ಹಾಕಿದರೆ ತಪ್ಪು, 15¼ಕ್ಕೆ ಹಾಕಬೇಕು. ಅಲ್ಲಿಂದ ಒಂದೂವರೆ ಅಂಗುಲದ ಪಟ್ಟಿ ನಿಂತರೆ ಅದರ ನಟ್ಟನಡು 16ಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಗುರುತುಗಳೆಲ್ಲ 16, 16. ಮೂರನೆಯ ಪಟ್ಟಿಯ ನಡು ಸರಿಯಾಗಿ 48ಕ್ಕೆ ಬಂದು, ಒಂದು ಹಾಳೆಯ ಅಂಚಿಗೂ ಮುಂದಿನ ಹಾಳೆಯ ಅಂಚಿಗೂ ಮುಕ್ಕಾಲಂಗುಲದ ಹಾಗೆ ಸಮಪಾಲು ಸಿಗುತ್ತದೆ. ಆ ಮುಕ್ಕಾಲಂಗುಲ ಮರೆತ ಹುಡುಗನ ಗೋಡೆಯಲ್ಲಿ ಹಾಳೆಯ ಅಂಚು ಗಾಳಿಯಲ್ಲಿ ಉಳಿಯುತ್ತದೆ, ಗೋಡೆ ಬಿಚ್ಚಬೇಕಾಗುತ್ತದೆ. ಮರೆಯದೆ ಹಾಕಿದವನ ಗೋಡೆಯಲ್ಲಿ, ಎಷ್ಟೋ ವರ್ಷಗಳ ಮೇಲೆ, ನಮ್ಮ ಕಡೆಯ ಮಾವನವರೊಬ್ಬರು ಮೂಲೆಯಿಂದ ಟೇಪು ಹಿಡಿದು 16, 32, 48 ಎಂದು ಎಣಿಸಿ ಮೊಳೆ ಹೊಡೆದರೆ, ವೆಂಕಟರಮಣನ ಪಟ ಅಲುಗದೆ ನಿಲ್ಲುತ್ತದೆ.